ಸುಳಿ ಕಡಿದವನ ಹೆಸರು

ಕಂದಿಕೆರೆಯ ಸುತ್ತಲಿನ ಏಳೆಂಟು ಊರಿನ ತೋಟಗಳಲ್ಲಿ ಕಾಯಿ ಕೆಡವುವ ಕಾಲ ಬಂತೆಂದರೆ ಮೊದಲು ಹೇಳಿಕಳಿಸುತ್ತಿದ್ದುದು ಹುಣಸೇಪಾಳ್ಯದ ಮರುಳಪ್ಪನಿಗೆ. ಮರ ಹತ್ತುವವರು ಬೇರೆಯವರೂ ಇದ್ದರು, ನೆಲದ ಮೇಲೆ ನಿಂತು ದೋಟಿಯಲ್ಲಿ ಎಳೆಯುವವರೂ ಇದ್ದರು. ಆದರೆ ಮರುಳಪ್ಪ ಹತ್ತಿ ಇಳಿದ ಮರ ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡ ಹಾಗೆ ಕಾಣುತ್ತಿತ್ತು. ಒಣಗಿದ ಗರಿ, ಹಳೆಯ ಹೊಂಬಾಳೆ, ಇಲಿ ಕಟ್ಟಿದ ಗೂಡು ಎಲ್ಲವನ್ನೂ ಬಿಡಿಸಿ ಹಾಕುತ್ತಿದ್ದ. ಬಲಿತ ಗೊನೆಯನ್ನಷ್ಟೇ ಇಳಿಸುತ್ತಿದ್ದ, ಎಳೆಯದರ ತಂಟೆಗೆ ಹೋಗುತ್ತಿರಲಿಲ್ಲ. ಸುಳಿಯ ಹತ್ತಿರವಂತೂ ಅವನ ಮಚ್ಚು ಸುಳಿಯುತ್ತಲೇ ಇರಲಿಲ್ಲ.

ತೆಂಗಿನ ಮರದ ಜೀವ ಇರುವುದೇ ನೆತ್ತಿಯ ನಡುವೆ ಸುತ್ತಿಕೊಂಡು ಮೇಲಕ್ಕೆ ಚಾಚುವ ಆ ಬಿಳಿಯ ಸುಳಿಯಲ್ಲಿ. ಮಾವಿನದೊಂದು ಕೊಂಬೆ ಕಡಿದರೆ ಪಕ್ಕದಲ್ಲಿ ಇನ್ನೊಂದು ಒಡೆಯುತ್ತದೆ. ತೆಂಗಿಗೆ ಆ ಭಾಗ್ಯವಿಲ್ಲ. ಸುಳಿಗೆ ಪೆಟ್ಟು ಬಿದ್ದ ಮರ ಒಂದೆರಡು ತಿಂಗಳು ಏನೂ ಆಗದ ಹಾಗೆ ನಿಂತಿದ್ದು, ಆಮೇಲೆ ಗರಿಗಳನ್ನು ಒಂದೊಂದಾಗಿ ಇಳಿಬಿಟ್ಟು, ವರ್ಷ ತುಂಬುವಷ್ಟರಲ್ಲಿ ಬೋಳು ಕಂಬವಾಗುತ್ತದೆ. ಅದಕ್ಕೇ ಆ ಸೀಮೆಯಲ್ಲಿ ಒಬ್ಬನನ್ನು ತೋಟದೊಳಕ್ಕೆ ಬಿಟ್ಟುಕೊಳ್ಳುವುದಕ್ಕೂ ಮಚ್ಚು ಕೊಟ್ಟು ಮರದ ಮೇಲಕ್ಕೆ ಬಿಡುವುದಕ್ಕೂ ಬಹಳ ವ್ಯತ್ಯಾಸವಿತ್ತು. ಮರುಳಪ್ಪನ ವಿಷಯದಲ್ಲಿ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ಅವ್ನು ಹತ್ತವ್ನೆ ಅಂದ್ರೆ ನಾವು ಮನೇಲಿ ಮುದ್ದೆ ಉಣ್ತಾ ಕೂತಿರ್ಬೋದು ಬುಡು" ಎನ್ನುತ್ತಿದ್ದರು. ನಲವತ್ತಾರು ವರ್ಷದ ಆ ಮನುಷ್ಯನಿಗೆ ಹಳ್ಳದ ಆಚೆಗೆ ಒಂದು ಚೂರು ರಾಗಿ ಹೊಲ, ಎರಡು ಎಮ್ಮೆ, ಮನೆ ಹಿಂದೆ ಒಂಬತ್ತು ತೆಂಗಿನ ಮರ ಇದ್ದವು. ಆದರೆ ಅವನ ನಿಜವಾದ ಆಸ್ತಿ ಎಂದರೆ ಜನರ ಆ ಒಂದು ಮಾತು.

ಅದಕ್ಕೆ ಕುತ್ತು ಬಂದದ್ದು ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ, ಒಂದು ತಮಾಷೆಯ ಮಾತಿನಿಂದ.

ಆ ವರ್ಷ ಹುಣಸೇಪಾಳ್ಯದ ಶಾಲೆಗೆ ಐವತ್ತು ತುಂಬುವುದಿತ್ತು. ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದ ಸದಾಶಿವಯ್ಯ ಮೇಷ್ಟ್ರು ಒಂದು ಸ್ಮರಣ ಸಂಚಿಕೆ ತರಬೇಕೆಂದು ಹೊರಟರು. ಚಿಕ್ಕನಾಯಕನಹಳ್ಳಿಯಲ್ಲಿ ತೀರಿಕೊಂಡ ವಕೀಲರೊಬ್ಬರ ಮನೆಯಿಂದ ಹಳೆಯ ವಾರಪತ್ರಿಕೆಗಳ ಒಂದು ಗಂಟನ್ನು ತಂದು, ತಮ್ಮೂರಿನ ಹೆಸರು ಎಲ್ಲಿ ಬಂದಿದ್ದರೂ ನೋಟುಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಹೋಟೆಲಿನ ಜಗಲಿಯಲ್ಲಿ ಕೂತಿದ್ದವರು, ಮರುಳಪ್ಪ ಬರುವುದನ್ನು ಕಂಡು ಆ ನೋಟುಬುಕ್ಕು ತೆರೆದರು.

"ಏನಯ್ಯ ಮರುಳಪ್ಪ, ಇಷ್ಟು ರಾಜಾರೋಷವಾಗಿ ಓಡಾಡ್ತಿದ್ದೀಯಲ್ಲ. ನಿನ್ನ ಮೇಲೆ ವಾರಂಟು ಹೊರಟೈತೆ ಕಣಯ್ಯ."

"ಎಮ್ಮೆ ಯಾರ ಹೊಲಕ್ಕೆ ನುಗ್ತು ಮೇಷ್ಟ್ರೇ?"

"ಎಮ್ಮೆ ಅಲ್ಲ, ನೀನೇ. ಕೇಳು." ಮೇಷ್ಟ್ರು ಕನ್ನಡಕ ಏರಿಸಿ ರಾಗವಾಗಿ ಓದಿದರು. "'ಹುಣಸೇಪಾಳ್ಯದ ವಾಸಿ ಮರುಳಪ್ಪ ಬಿನ್ ಸಣ್ಣತಿಮ್ಮಯ್ಯ ಎಂಬ ಆಸಾಮಿಯು ಫರಾರಿಯಾಗಿರುತ್ತಾನೆ. ಸದರಿಯವನ ಸುಳಿವು ಕೊಟ್ಟವರಿಗೆ ಯೋಗ್ಯ ಇನಾಮು ಕೊಡಲಾಗುವುದು.' ಈಗ ಹೇಳು, ಇನಾಮಿನಾಗೆ ನಂಗೆಷ್ಟು, ಹೋಟ್ಲಿನವನಿಗೆಷ್ಟು?"

ಜಗಲಿಯ ಮೇಲಿದ್ದವರೆಲ್ಲ ನಕ್ಕರು. "ಹಿಡ್ಕೊಳ್ರಪ್ಪ, ಮರ ಹತ್ತಿಬುಟ್ರೆ ಸಿಕ್ಕಲ್ಲ" ಎಂದ ಒಬ್ಬ. ಮರುಳಪ್ಪನೂ ನಕ್ಕ. ನಗುತ್ತ ಎತ್ತಿಕೊಂಡ ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟ.

ಅದು ತನ್ನ ತಾತನ ಹೆಸರೆಂದು ಅವನಿಗೆ ಕೂಡಲೇ ತಿಳಿಯಿತು. ಅವರ ಮನೆಯಲ್ಲಿ ಎರಡೇ ಹೆಸರು. ಮರುಳಪ್ಪನ ಮಗ ಸಣ್ಣತಿಮ್ಮಯ್ಯ, ಸಣ್ಣತಿಮ್ಮಯ್ಯನ ಮಗ ಮರುಳಪ್ಪ. ತಾತನ ಹೆಸರು ಮೊಮ್ಮಗನಿಗೆ ಬರುತ್ತ ಬರುತ್ತ, ತಾತನೂ ಮೊಮ್ಮಗನೂ ಕಾಗದದ ಮೇಲೆ ಒಬ್ಬನೇ ಮನುಷ್ಯನಾಗಿಬಿಡುತ್ತಿದ್ದರು. ಆದರೆ ತಾತ ಕಾಶಿಗೆ ಹೋದವನು, ಅಲ್ಲೇ ಐಕ್ಯನಾದವನು ಎಂದು ಅಪ್ಪ ಹೇಳಿದ್ದ. ಊರಿನ ಹಳಬರೂ ಬೇರೇನೂ ಹೇಳಿರಲಿಲ್ಲ. ಕಾಶಿಗೆ ಹೋದವನನ್ನು ಪೊಲೀಸರು ಯಾಕೆ ಹುಡುಕಿದರು?

ಮಾರನೆಯ ದಿನ ನಾಲ್ಕು ಎಳನೀರು ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಸ್ನಾನಕ್ಕೆ ಹೋಗಿದ್ದರು. "ಕೂತ್ಕೊಳಪ್ಪ, ಪೂಜೆ ಮುಗಿಸ್ಕೊಂಡು ಬರ್ತಾರೆ" ಎಂದು ಅವರ ಹೆಂಡತಿ ಒಳಗೆ ಹೋದರು. ಪಡಸಾಲೆಯ ಚಾಪೆಯ ಮೇಲೆ ಪತ್ರಿಕೆಗಳ ಗಂಟು ಬಿಚ್ಚಿಕೊಂಡು ಬಿದ್ದಿತ್ತು. ಮರುಳಪ್ಪನಿಗೆ ನಾಲ್ಕನೇ ತರಗತಿಯವರೆಗಿನ ಓದು. ಅಕ್ಷರದ ಮೇಲೆ ಬೆರಳಿಟ್ಟುಕೊಂಡು, ತನ್ನ ಹೆಸರಿನ 'ಮ'ಕಾರವನ್ನೇ ಹುಡುಕುತ್ತ ಒಂದೊಂದು ಹಾಳೆ ತಿರುಗಿಸಿದ. ಮೇಷ್ಟ್ರು ಕೊನೆಯ ಸಂಚಿಕೆಯಿಂದ ಹಿಂದಕ್ಕೆ ಓದುತ್ತ ಬಂದಿದ್ದರು. ನೋಡಿ ಮುಗಿಸಿದವನ್ನು ಒಂದು ಕಡೆ, ಮುಟ್ಟದೇ ಇದ್ದವನ್ನು ಇನ್ನೊಂದು ಕಡೆ ಇಟ್ಟಿದ್ದರು. ಮುಟ್ಟದೇ ಇದ್ದ ಕಟ್ಟಿನ ಎರಡನೆಯ ಸಂಚಿಕೆಯಲ್ಲಿ, ಸಾವಿರದ ಒಂಬೈನೂರ ಮೂವತ್ತೆರಡರದರಲ್ಲಿ, ಅವನಿಗೆ ಬೇಕಾದ್ದು ಸಿಕ್ಕಿತು.

"ಹುಣಸೇಪಾಳ್ಯದ ಬೋರಯ್ಯನವರ ತೋಟದಲ್ಲಿ ಹಳ್ಳದ ಸಾಲಿನ ಮೂವತ್ತೊಂದು ಫಲದ ಮರಗಳ ಸುಳಿಯನ್ನು ದುರಾತ್ಮರು ಕಡಿದುಹಾಕಿರುವುದಾಗಿ ವರದಿಯಾಗಿದೆ. ಅದೇ ತೋಟದಲ್ಲಿ ಕಾಯಿ ಕೆಡವುತ್ತಿದ್ದ ಮರುಳಪ್ಪ ಬಿನ್ ಸಣ್ಣತಿಮ್ಮಯ್ಯನ ಮೇಲೆ ಗುಮಾನಿ ಇದ್ದು..."

ಎರಡು ಸಲ ಓದಿದ. ಮೂರನೆಯ ಸಲಕ್ಕೆ ಅಕ್ಷರಗಳು ಕಣ್ಣಿಗೆ ನಿಲ್ಲಲಿಲ್ಲ. ಆ ಹಾಳೆಯನ್ನು ಮಡಿಸಿ ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅರ್ಧ ಮಡಿಸಿಯೂ ಆಯಿತು. ಒಳಗೆ ಪೂಜೆಯ ಗಂಟೆ ಅಲ್ಲಾಡಿತು. ಕಳ್ಳತನವನ್ನೂ ಕಟ್ಟಿಕೊಳ್ಳುವುದೇ ಎಂದು ಹಾಳೆ ಬಿಡಿಸಿ, ಇದ್ದ ಜಾಗಕ್ಕೇ ಇಟ್ಟು, ಎಳನೀರನ್ನು ಹೊಸ್ತಿಲಲ್ಲಿ ಬಿಟ್ಟು ಹೊರಟುಹೋದ.

ಇನ್ನೊಂದು ವಾರಕ್ಕೋ ಹತ್ತು ದಿನಕ್ಕೋ ಮೇಷ್ಟ್ರು ಆ ಹಾಳೆಗೆ ಬಂದೇ ಬರುತ್ತಾರೆ. ಬಂದ ಮೇಲೆ ಅದನ್ನೂ ಹೋಟೆಲಿನಲ್ಲಿ ಓದುತ್ತಾರೆ, ಸಂಚಿಕೆಗೂ ಹಾಕುತ್ತಾರೆ. ಬೋರಯ್ಯನ ಮೊಮ್ಮಗ ಶಿವಣ್ಣನೇ ಶಾಲಾ ಸಮಿತಿಯ ಅಧ್ಯಕ್ಷ. ಆ ಶಿವಣ್ಣನ ತೋಟಕ್ಕೇ ಮರುಳಪ್ಪ ಇಪ್ಪತ್ತೈದು ವರ್ಷದಿಂದ ಮಚ್ಚು ಹಿಡಿದು ಹತ್ತುತ್ತಿದ್ದದ್ದು. ಸುಳಿ ಕಡಿದವನ ಮೊಮ್ಮಗ, ಅದೇ ಹೆಸರಿನವನು, ಅದೇ ಕೆಲಸದವನು. ಇನ್ನು ಯಾರು ಮರ ಹತ್ತಿಸುತ್ತಾರೆ? ಹಾಕಬೇಡಿ ಎಂದು ಮೇಷ್ಟ್ರನ್ನು ಕೇಳೋಣವೆಂದರೆ, ಕೇಳಿದ್ದೇ ಒಪ್ಪಿಕೊಂಡ ಹಾಗೆ.

ಅವನಿಗೆ ಹಿಡಿದುಕೊಳ್ಳಲು ಇದ್ದದ್ದು ಒಂದೇ ಮಾತು. ಗುಮಾನಿ. ಗುಮಾನಿ ಎಂದರೆ ಅನುಮಾನ ತಾನೇ. ಕೋರ್ಟಿನಲ್ಲಿ ಸುಳ್ಳು ಎಂದಾಗಿರಬಹುದು. ಬಿಟ್ಟು ಕಳಿಸಿರಬಹುದು. ಆ ತೀರ್ಪು ಸಿಕ್ಕಿಬಿಟ್ಟರೆ ಮೇಷ್ಟ್ರ ಮುಂದೆ ಎದೆಯೆತ್ತಿ ಇಡಬಹುದು.

ಆ ವಾರವೇ ಶಿವಣ್ಣನ ತೋಟದಲ್ಲಿ ಕಾಯಿ ಕೆಡವುವುದಿತ್ತು. ಹಳ್ಳದ ಸಾಲಿಗೆ ಬಂದಾಗ ಮರುಳಪ್ಪ ಮರದ ಬುಡದಲ್ಲಿ ನಿಂತುಬಿಟ್ಟ. ಉಳಿದ ಸಾಲಿನ ಮರಗಳು ಅವನ ತಾತನ ಕಾಲದವು, ಹತ್ತುವಷ್ಟರಲ್ಲಿ ಉಸಿರು ಕೀಳುತ್ತಿದ್ದವು. ಈ ಸಾಲಿನವು ಗಿಡ್ಡ. ಹೆಚ್ಚೆಂದರೆ ತನ್ನ ವಯಸ್ಸಿನವು. ಗರಿ ಉದುರಿದ ಕಡೆ ಕಾಂಡದ ಮೇಲೆ ಉಳಿಯುವ ಬಳೆಯಂಥ ಗೀರುಗಳನ್ನು ಅವನ ಪಾದ ಇಪ್ಪತ್ತೈದು ವರ್ಷದಿಂದ ಬಲ್ಲದು, ಆದರೂ ಈ ಸಾಲು ಯಾಕೆ ಗಿಡ್ಡ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಎಣಿಸಿದ. ಇಪ್ಪತ್ತೊಂಬತ್ತು ಮರ, ಎರಡು ಖಾಲಿ ಗುಂಡಿ.

ಹತ್ತಿದ. ನೆತ್ತಿಗೆ ಮುಟ್ಟಿ ಮಚ್ಚು ಎತ್ತಿದಾಗ ಸುಳಿ ಕಣ್ಣೆದುರಿಗೇ ಇತ್ತು, ಹಾಲಿನಲ್ಲಿ ಅದ್ದಿ ತೆಗೆದಂಥ ಬಿಳುಪು. ಒಂದು ಬೀಸು ಸಾಕು ಎಂಬ ಯೋಚನೆ ಎಲ್ಲಿಂದಲೋ ಬಂತು. ಮಾಡಬೇಕೆಂಬ ಯೋಚನೆಯಲ್ಲ, ಮಾಡಬಹುದು ಎಂಬ ಯೋಚನೆ. ಇಷ್ಟು ವರ್ಷದಲ್ಲಿ ಅದು ಬಂದಿರಲಿಲ್ಲ. ತನ್ನ ಬಲಗೈ ತನ್ನದಲ್ಲವೇನೋ ಎನ್ನಿಸಿತು. ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಯಿಯನ್ನೂ ಮುಟ್ಟದೆ ಇಳಿದ. ಕೊನೆಯ ಆಳುದ್ದ ಜಾರಿ ಎದೆ ತರಚಿಕೊಂಡಿತು.

"ಯಾಕ್ಲಾ, ಕಣಜದ ಗೂಡು ಐತಾ?" ಎಂದ ಕಾಯಿ ಆಯುತ್ತಿದ್ದ ಆಳು.

"ತಲೆ ಸುತ್ತು ಬಂತು" ಎಂದ ಮರುಳಪ್ಪ.

ಮನೆಯಲ್ಲಿ ಹೆಂಡತಿ ಕೆಂಪಕ್ಕ ತರಚಿದ ಎದೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಕೇಳಿದಳು. "ತಲೆ ಸುತ್ತು ಅಂತೀಯ, ಎದೆ ಯಾಕೆ ಹಿಂಗೆ ಹೊಡ್ಕೊಂತೈತೆ? ಏನ್ ಮಾಡ್ಕೊಂಡಿದ್ದೀಯ ನಿಜ ಹೇಳು."

ಹೇಳಿದ. ಕೆಂಪಕ್ಕ ಎಣ್ಣೆ ಬಟ್ಟಲು ಕೆಳಗಿಟ್ಟು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಸತ್ತೋರ ಸುದ್ದಿ ನಮಗ್ಯಾಕೆ. ಬಾಯಿ ಮುಚ್ಕೊಂಡಿರು."

"ಸತ್ತೋರ ಹೆಸರು ನಾನು ಹೊತ್ಕೊಂಡಿದ್ದೀನಲ್ಲೇ."

"ಹಂಗಾದ್ರೆ ತುರುವೇಕೆರೆಗೆ ಹೋಗಿ ನಿಮ್ಮತ್ತೆನ ಕೇಳು. ಆಕೆಗೆ ಗೊತ್ತಿಲ್ದೆ ಇದ್ರೆ ಇನ್ಯಾರಿಗೆ ಗೊತ್ತಿರ್ತದೆ."

ತುರುವೇಕೆರೆ ಕಡೆಯ ಹಳ್ಳಿಗೆ ಕೊಟ್ಟಿದ್ದ ಸೋದರತ್ತೆ ತಿಮ್ಮಕ್ಕನಿಗೆ ಆಗ ಎಪ್ಪತ್ತರ ಮೇಲೆ. ಅಂಗಳದಲ್ಲಿ ಕಾಲು ಚಾಚಿ ಕೂತು, ತೆಂಗಿನ ಗರಿಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ಮರುಳಪ್ಪ ತಾತನ ಮಾತೆತ್ತಿದ ಕೂಡಲೇ, "ಕಾಶಿಗೆ ಹೋದ, ಅಲ್ಲೇ ಶಿವನ ಪಾದ ಸೇರ್ದ. ನಿಮ್ಮಪ್ಪ ಹೇಳಿರ್ನಿಲ್ವಾ?" ಎಂದಳು, ಬಾಯಿಪಾಠ ಒಪ್ಪಿಸುವವಳ ಹಾಗೆ.

"ಹೇಳಿದ್ದ. ಅತ್ತೆ, ನಾನು ಹುಟ್ಟಿದ್ದು ಯಾವಾಗ?"

"ತಾತ ಹೋದ ವರ್ಷದ ಮಾರ್ನೇ ವರ್ಷ. ಅದಕ್ಕೇ ನಿನಗೆ ಆ ಹೆಸರು."

"ಹೋದ ಅಂದ್ರೆ ಕಾಶಿಗೆ ಹೋದ್ದೋ, ಜೀವ ಹೋದ್ದೋ?"

ತಿಮ್ಮಕ್ಕನ ಕೈ ನಿಂತಿತು.

"ಬದುಕಿರೋರ ಹೆಸರ ಮಗೀಗೆ ಇಡೋದುಂಟಾ ಅತ್ತೆ? ಇಟ್ರೆ ಆ ಮಗೀನ ಬೈಯೋದೆಂಗೆ, ಕರೆಯೋದೆಂಗೆ? ನಂಗೆ ಆ ಹೆಸರಿಟ್ರಿ ಅಂದ್ರೆ ತಾತ ಸತ್ತಿದ್ದು ನಿಮಗೆ ಖಾತ್ರಿಯಾಗಿತ್ತು. ಕಾಶಿಯಿಂದ ಬಂದು ಹೇಳ್ದೋರ್ಯಾರು?"

ಕೋಳಿಯೊಂದು ಕಡ್ಡಿಯ ರಾಶಿಯನ್ನು ಕೆದಕಿತು, ಮುದುಕಿ ಅದನ್ನು ಓಡಿಸಲಿಲ್ಲ. ಕೊನೆಗೆ ಹೇಳಿದಳು. "ಕಾಗದ ಬಂತು ಕಣಪ್ಪ."

"ಎಲ್ಲಿಂದ?"

"ಸರ್ಕಾರದ್ದು. ಶಾನುಭೋಗ್ರು ಓದಿ ಒಲೆಗೆ ಹಾಕಿ ಅಂದ್ರು, ಹಾಕಿದ್ವಿ. ಇನ್ನು ನನ್ನ ಬಾಯಿ ಬಿಡಿಸ್ಬೇಡ. ನಿಮ್ಮಜ್ಜಿ ನನ್ನ ಕೈಲಿ ಆಣೆ ಹಾಕಿಸ್ಕೊಂಡವ್ಳೆ. ತುಮಕೂರಾಗೆ ಕೋರ್ಟು ಐತೆ, ಬೇಕಾದ್ರೆ ಹೋಗಿ ಅಲ್ಲಿ ಕೇಳು."

ಹೊರಡುವಾಗ ಒಂದು ಪೊರಕೆಯನ್ನು ಅವನ ಕೈಗಿಟ್ಟಳು. ಅವನ ಮುಖ ನೋಡಲಿಲ್ಲ.

ಬಸ್ಸು ಚಿಕ್ಕನಾಯಕನಹಳ್ಳಿಗೆ ಬರುವವರೆಗೂ ಮರುಳಪ್ಪ ಎರಡು ಮನಸ್ಸಿನಲ್ಲಿದ್ದ. ಸರ್ಕಾರದ ಕಾಗದ ಎಂದರೆ ಸೆರೆಮನೆಯದೇ ಇರಬೇಕು. ಆದರೂ ವಿಚಾರಣೆ ನಡೆಯುತ್ತಿದ್ದಾಗಲೇ ಸತ್ತಿರಬಹುದು, ಅಪರಾಧ ಸಾಬೀತಾಗದೇ ಉಳಿದಿರಬಹುದು. ಅಷ್ಟು ಸಣ್ಣ ಸಂದಿನಲ್ಲಿ ಅವನ ಆಸೆ ನುಸುಳಿಕೊಂಡು ಕೂತಿತ್ತು.

ಸೋಮವಾರ, ಒಗೆದ ಅಂಗಿ ತೊಟ್ಟು, ತುಮಕೂರಿನ ಕೋರ್ಟಿಗೆ ಹೋದ. ಕೋರ್ಟಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಖಾಕಿ ಕಂಡಲ್ಲೆಲ್ಲ ಗೋಡೆಗೆ ಸರಿದು ನಿಂತು, ಮೂರು ಕಡೆ ಕೇಳಿ, ಹಳೆಯ ದಾಖಲೆಗಳ ಕೋಣೆ ಹುಡುಕಿಕೊಂಡ. ಬಾಗಿಲಿಗೆ ಅಡ್ಡ ಹಾಕಿದ ಮೇಜಿನ ಹಿಂದೆ ಮಲ್ಲಿಕಾರ್ಜುನಯ್ಯ ಎಂಬ ಗುಮಾಸ್ತರು ಕೂತಿದ್ದರು. ಹಣೆಯಲ್ಲಿ ವಿಭೂತಿ, ಕಿವಿಯ ಮೇಲೆ ಪೆನ್ಸಿಲು.

"ಯಾವ ಕೇಸು?"

"ಸ್ವಾಮಿ, ಹಳೇದು. ಸಾವಿರದ ಒಂಬೈನೂರ ಮೂವತ್ತೆರಡು. ತೆಂಗಿನ ಸುಳಿ ಕಡಿದಿದ್ದು."

"ಆರೋಪಿ ಹೆಸರು?"

"ಮರುಳಪ್ಪ ಬಿನ್ ಸಣ್ಣತಿಮ್ಮಯ್ಯ. ಹುಣಸೇಪಾಳ್ಯ."

ಗುಮಾಸ್ತರು ಒಂದು ಅರ್ಜಿ ಎಳೆದುಕೊಂಡು ಬರೆದರು. "ಅರ್ಜಿದಾರರ ಹೆಸರು?"

"ಮರುಳಪ್ಪ... ಬಿನ್ ಸಣ್ಣತಿಮ್ಮಯ್ಯ."

"ಊರು?"

"ಹುಣಸೇಪಾಳ್ಯ."

ಪೆನ್ಸಿಲು ನಿಂತಿತು. ಗುಮಾಸ್ತರು ಮೆಲ್ಲಗೆ ತಲೆಯೆತ್ತಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಅಂದ್ರೆ, ಆರೋಪಿ ನೀನಾಗೇ ಬಂದಿದ್ದೀಯ" ಎಂದರು. ಪಕ್ಕದ ಕುರ್ಚಿಯಲ್ಲಿದ್ದ ಪೊಲೀಸಿನವನು ಕತ್ತು ತಿರುಗಿಸಿದ.

ಮರುಳಪ್ಪ ಹೇಗೆ ಹೊರಗೆ ಬಂದನೋ ಅವನಿಗೇ ಗೊತ್ತಾಗಲಿಲ್ಲ. ಅಂಗಳದ ಕೊನೆಯಲ್ಲಿ ಅರ್ಜಿ ಬರೆಯುವವರು ಕೂರುವ ಮರದ ಹಿಂದೆ ನಿಂತು ಏದುಸಿರು ಬಿಡುತ್ತಿದ್ದ. ಓಡಿ ಬಸ್ಸು ಹತ್ತಿದರೆ ಫರಾರಿ ಎಂದು ಮತ್ತೆ ಪತ್ರಿಕೆಗೆ ಹಾಕುತ್ತಾರೇನೋ, ನಿಂತರೆ ಹಿಡಿಯುತ್ತಾರೇನೋ ಎಂದು ಕಾಲು ಎತ್ತಲೂ ಆಗದೆ ಇದ್ದಾಗ, ಗುಮಾಸ್ತರೇ ಕಾಫಿಗೆ ಹೊರಟವರು ಅವನನ್ನು ಕಂಡು ಹತ್ತಿರ ಬಂದರು.

"ಎಷ್ಟಯ್ಯ ನಿನ್ನ ವಯಸ್ಸು?"

"ನಲವತ್ತಾರು ಸ್ವಾಮಿ."

"ಕೇಸಾಗಿ ನಲವತ್ತೇಳು ವರ್ಷ. ಹುಟ್ಟೋಕೆ ಮುಂಚೆ ಮರ ಹತ್ತಿದ್ಯಾ? ತಮಾಷೆಗೆ ಅಂದ್ರೆ ಓಡಿಬಿಟ್ಯಲ್ಲ. ತಾತ ತಾನೇ ಅವ್ನು?"

ಮರುಳಪ್ಪ ತಲೆಯಾಡಿಸಿದ.

"ನಿಮ್ಮ ಕಡೆಯೋರದ್ದು ಇದೇ ಗೋಳು. ಮೂರು ತಲೆಮಾರಿಗೆ ಎರಡೇ ಹೆಸರು. ಬಾ, ರುಜು ಹಾಕು. ಅಷ್ಟು ಹಳೇ ಕೇಸಿನ ಕಾಗದ ಉಳಿದಿರೋದು ಕಷ್ಟ. ಅಪೀಲು ಆಗಿದ್ರೆ ಮಾತ್ರ ತೀರ್ಪಿನ ಕಾಪಿ ಇರ್ತದೆ. ಮುಂದಿನ ಸೋಮವಾರ ಬಂದು ನೋಡು."

ಆ ಎಂಟು ದಿನ ಮರುಳಪ್ಪ ಯಾವ ತೋಟಕ್ಕೂ ಹೋಗಲಿಲ್ಲ. ಕರೆಯಲು ಬಂದವರಿಗೆ ಕೆಂಪಕ್ಕ ಜ್ವರ ಎಂದಳು. ಜ್ವರ ಸುಳ್ಳೂ ಆಗಿರಲಿಲ್ಲ, ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು. ನಾಯಿ ಬೊಗಳಿದರೆ ಮೇಷ್ಟ್ರು ಬಂದರೇನೋ ಎಂದು ಏಳುತ್ತಿದ್ದ. ಮಚ್ಚನ್ನು ಗೋಡೆಯ ಗೂಟದಿಂದ ತೆಗೆದು ರಾಗಿಯ ಕಣಜದ ಹಿಂದೆ ಸೇರಿಸಿದ್ದ. ಅದು ಕಣ್ಣಿಗೆ ಬಿದ್ದರೆ ಅವನ ಬಲಗೈ ತಣ್ಣಗಾಗುತ್ತಿತ್ತು.

ಮುಂದಿನ ಸೋಮವಾರ ಮಲ್ಲಿಕಾರ್ಜುನಯ್ಯ ಅವನನ್ನು ಕಂಡವರೇ ಸ್ಟೂಲು ತೋರಿಸಿದರು. ತಮಾಷೆ ಮಾಡಲಿಲ್ಲ. ಅದರಿಂದಲೇ ಅವನಿಗೆ ಅರ್ಧ ತಿಳಿಯಿತು.

"ಸಿಕ್ಕಿದೆ ಕಣಪ್ಪ. ಇಂಗ್ಲಿಷಿನಲ್ಲಿದೆ, ಅರ್ಥ ಹೇಳ್ತೀನಿ." ಹುಳು ತಿಂದ ಮೂರು ಹಾಳೆಗಳ ಮೇಲೆ ಬೆರಳಾಡಿಸುತ್ತ ಹೇಳಿದರು. "ನಿಮ್ಮ ತಾತ ಮೂರು ತಿಂಗಳು ತಲೆ ತಪ್ಪಿಸ್ಕೊಂಡಿದ್ದ. ಆಮೇಲೆ ತಾನೇ ಠಾಣೆಗೆ ಬಂದಿದ್ದಾನೆ. ಮೂವತ್ತೊಂದು ಮರದ ಸುಳಿ ಕಡಿದೋನು ನಾನೇ ಅಂತ ಒಪ್ಕೊಂಡಿದ್ದಾನೆ."

ಮರುಳಪ್ಪ ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದುಕೊಂಡ. "ಯಾಕಂತೆ?"

"ಯಾಕೆ ಅಂತ ಕೇಳಿದ್ದಕ್ಕೆ 'ಸಿಟ್ಟು ಬಂತು' ಅಂದನಂತೆ. ಅಷ್ಟೇ ಬರೆದಿದೆ."

"ಯಾರ ಮೇಲೆ? ಏನಾಗಿತ್ತು?"

"ಬೇರೆ ಏನೂ ಇಲ್ಲ ಇದರಲ್ಲಿ. ಒಂದೂವರೆ ವರ್ಷ ಸಜಾ ಆಯ್ತು. ಹೆಚ್ಚಾಯ್ತು ಅಂತ ಅಪೀಲು ಹಾಕ್ಕೊಂಡ. ವಿಚಾರಣೆಗೆ ಬರೋ ಮುಂಚೇನೇ ಸೆರೆಮನೇಲಿ ತೀರ್ಕೊಂಡ. ಅರ್ಜಿದಾರ ಸತ್ತಿರೋದ್ರಿಂದ ಅಪೀಲು ಮುಗೀತು ಅಂತ ಬರೆದು ಮುಚ್ಚಿದ್ದಾರೆ." ಹಾಳೆಗಳನ್ನು ಜೋಡಿಸಿ, "ನಕಲು ಬೇಕಾ?" ಎಂದರು.

ಬೇಡವೆಂದ. ನಮಸ್ಕಾರ ಮಾಡುವುದನ್ನೂ ಮರೆತು ಎದ್ದು ಬಂದ.

ಬಸ್ಸಿನಲ್ಲಿ ಅವನನ್ನು ಹೆದರಿಸಿದ್ದು ಸೆರೆಮನೆಯಲ್ಲ, ಸಾವೂ ಅಲ್ಲ. ಆ ಎರಡು ಪದ. ಹೊಲ ಕಿತ್ತುಕೊಂಡರು ಎಂದಿದ್ದರೆ, ಹೆಣ್ಣುಮಕ್ಕಳ ಮೇಲೆ ಕೈಮಾಡಿದರು ಎಂದಿದ್ದರೆ, ಅದು ಆ ಕಾಲದ ವ್ಯಾಜ್ಯ, ಅಲ್ಲಿಗೇ ಮುಗಿಯಿತು ಎನ್ನಬಹುದಿತ್ತು. ಸಿಟ್ಟು ತನಗೂ ಬರುತ್ತದೆ. ಹೋದ ಬೇಸಿಗೆಯಲ್ಲಿ ಶಿವಣ್ಣ ಎಲ್ಲರೆದುರಿಗೆ "ನಿನ್ನ ಕಣ್ಣೇನು ಬೆನ್ನಾಗೆ ಅವ್ಯಾ?" ಎಂದಾಗ ಬಂದಿತ್ತು. ಅವತ್ತೂ ಮಚ್ಚು ಕೈಯಲ್ಲೇ ಇತ್ತು.

ಊರಿಗೆ ಬಂದು ಮೊದಲು ಮೇಷ್ಟ್ರ ಮನೆಗೆ ಹೋದ. ಹೋಗದಿದ್ದರೆ ಇನ್ನೊಂದು ದಿನ ಬದುಕುವುದು ಕಷ್ಟವೆನ್ನಿಸಿತ್ತು. ಸದಾಶಿವಯ್ಯ ಪಡಸಾಲೆಯಲ್ಲಿದ್ದರು. ಅವನನ್ನು ಕಂಡು ಎದ್ದುಹೋಗಿ ಬಾಗಿಲು ಮುಂದಕ್ಕೆ ಮಾಡಿ ಬಂದರು.

"ನಾನೇ ಬರೋನಿದ್ದೆ ಕಣಯ್ಯ. ಆ ಹಾಳೆ ಓದಿದೆ. ಹೋಟ್ಲಲ್ಲಿ ಹಾಗೆ ಬಾಯಿಗೆ ಬಂದಂಗೆ ಓದಬಾರದಾಗಿತ್ತು, ತಪ್ಪಾಯ್ತು. ಅದನ್ನ ಸಂಚಿಕೆಗೆ ಹಾಕಲ್ಲ. ಯಾರ ಹತ್ರನೂ ಬಾಯಿ ಬಿಡಲ್ಲ. ಸರಿಯಾ?"

ಇಷ್ಟೇ ಆಗಬೇಕಾಗಿದ್ದದ್ದು. ಹದಿನೈದು ದಿನದಿಂದ ಮನಸ್ಸಿನಲ್ಲೇ ಬೇಡಿಕೊಂಡಿದ್ದು ಕೇಳದೆಯೇ ಕೈಗೆ ಬಂದಿತ್ತು. ಆದರೆ ಮರುಳಪ್ಪನ ಎದೆ ಹಗುರಾಗಲಿಲ್ಲ.

"ನೀವು ಹೇಳಲ್ಲ ಮೇಷ್ಟ್ರೇ. ನಾನು ಮ್ಯಾಲೆ ಹತ್ತಿದಾಗ ನಂಗೆ ಗೊತ್ತಿರ್ತದಲ್ಲ."

"ನೀನೇನು ಮಾಡಿದ್ದೀಯ?"

"ಏನೂ ಮಾಡಿಲ್ಲ. ಆದ್ರೂ ಕೈ ನಡುಗ್ತೈತೆ. ಕೆಳಗಿರೋರಿಗೆ ಗೊತ್ತಿಲ್ಲ ಅಂದ್ರೆ ಇನ್ನೂ ಜಾಸ್ತಿ ನಡುಗ್ತೈತೆ. ನಡುಗೋ ಕೈಯಾಗೆ ಮಚ್ಚು ಹಿಡ್ಕೊಂಡು ಸುಳಿ ಪಕ್ಕ ಹೋಗ್ಲಾ?"

"ಶಿವಣ್ಣ ಒಳ್ಳೆಯೋನು, ಆದ್ರೆ ಮುಂಗೋಪಿ" ಎಂದರು ಮೇಷ್ಟ್ರು. ಅದು ಎಚ್ಚರಿಕೆಯೋ ಸಮಾಧಾನವೋ ಮರುಳಪ್ಪನಿಗೆ ಗೊತ್ತಾಗಲಿಲ್ಲ.

ಅಲ್ಲಿಂದ ಮನೆಗೆ ಹೋಗಿ ಶಿವಣ್ಣನಲ್ಲಿಗೆ ಬಂದಾಗ ಆತ ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದ. ನೀರು ಪೂರ್ತಿ ಇಂಗಿ ಒಳಗೆ ಕೊಬ್ಬರಿಯ ಗಿಟುಕು ಕಳಚಿಕೊಂಡಿದ್ದರೆ ಗಡಗಡ ಎನ್ನುತ್ತದೆ. ಐವತ್ತರ ಹತ್ತಿರದ ದಪ್ಪ ಮನುಷ್ಯ, ದಪ್ಪ ಮೀಸೆ. ಮರುಳಪ್ಪ ಕಣಜದ ಹಿಂದಿನಿಂದ ತೆಗೆದು ತಂದಿದ್ದ ಮಚ್ಚನ್ನು ಅವನ ಮುಂದೆ ನೆಲದ ಮೇಲಿಟ್ಟು ಕೈ ಕಟ್ಟಿ ನಿಂತ.

"ಏನ್ಲಾ ಇದು? ಹೆಣ್ಣು ಕೇಳೋಕೆ ಬಂದೋನಂಗೆ ನಿಂತಿದ್ದೀಯ. ಜ್ವರ ಬುಡ್ತಾ?"

"ಶಿವಣ್ಣೋರೇ, ಒಂದು ಮಾತು ಹೇಳ್ಬೇಕು. ಹೇಳಿ ಮುಗಿಯೋಗಂಟ ನಡುವೆ ಮಾತಾಡಬ್ಯಾಡಿ. ನಿಲ್ಲಿಸಿದ್ರೆ ಮತ್ತೆ ಹೇಳೋಕೆ ನನ್ ಕೈಲಾಗಲ್ಲ."

ಹೇಳಿದ. ಪತ್ರಿಕೆಯದು, ಅತ್ತೆಯದು, ಕೋರ್ಟಿನದು, ಸಿಟ್ಟು ಬಂತು ಎಂದದ್ದು. ಮರದ ಮೇಲೆ ತನಗೆ ಬಂದ ಯೋಚನೆಯನ್ನೂ ಬಿಡಲಿಲ್ಲ. ಹೇಳುವಾಗ ಶಿವಣ್ಣನ ಮುಖ ನೋಡಲು ಧೈರ್ಯವಾಗದೆ ಮಚ್ಚಿನ ಹಿಡಿಯನ್ನೇ ನೋಡುತ್ತಿದ್ದ. ಮುಗಿದ ಮೇಲೆ ಶಿವಣ್ಣ ಕೈಯಲ್ಲಿದ್ದ ಕಾಯಿಯನ್ನು ಇನ್ನೊಂದು ಸಲ ಅಲ್ಲಾಡಿಸಿದ, ಅದರ ಸದ್ದು ಕೇಳಿದಂತೆ ಕಾಣಲಿಲ್ಲ.

"ಸಿಡಿಲು ಹೊಡೀತು ಅಂತಿದ್ದ ನಮ್ಮಪ್ಪ" ಎಂದ ಕೊನೆಗೆ. "ಹಳ್ಳದ ಸಾಲಿಗೆ ಸಿಡಿಲು ಹೊಡೀತು, ನಮ್ಮ ತಾತ ಹೊಸದು ನೆಡಿಸ್ದ ಅಂತ. ಮೂವತ್ತೊಂದು ಮರಕ್ಕೆ ಒಂದೇ ಸಾಲಾಗಿ ಸಿಡಿಲು ಬೀಳ್ತದಾ ಅಂತ ನಾನೂ ಕೇಳ್ಲಿಲ್ಲ ನೋಡು."

ಕಾಯಿಯನ್ನು ಕೆಳಗಿಟ್ಟ.

"ನಮ್ಮೋರ್ಯಾಕ್ಲಾ ಮುಚ್ಚಿಟ್ರು? ಮರ ಕಳ್ಕೊಂಡೋರು ನಾವು. ಊರೆಲ್ಲ ಹೇಳ್ಕೊಂಡು ಬೈಬೇಕಾಗಿತ್ತು." ಶಿವಣ್ಣನ ದನಿ ಸಣ್ಣದಾಗಿತ್ತು. "ನಮ್ಮ ತಾತ ನಿಮ್ಮ ತಾತನ್ನ ಏನಂದಿದ್ನೋ. ಏನ್ ಮಾಡಿದ್ನೋ. ಕೋರ್ಟಾಗೆ ಬರೆದಿಲ್ವಾ?"

"ಇಲ್ಲ. ಸಿಟ್ಟು ಬಂತು ಅಂತ ಅಷ್ಟೇ."

ಶಿವಣ್ಣನ ಮೈಯೂ ಒಳಗೆ ಅದುರುತ್ತಿದೆ ಎಂದು ಮರುಳಪ್ಪನಿಗೆ ಮೊದಲ ಸಲ ಅನ್ನಿಸಿತು. ಶಿವಣ್ಣ ಮಚ್ಚನ್ನು ಕಾಲಿನಿಂದ ಅವನ ಕಡೆಗೆ ನೂಕಿದ.

"ಎತ್ಕೋ. ನಾಳೆ ಬೆಳಿಗ್ಗೆ ಬಾ. ಹಳ್ಳದ ಸಾಲು ಹಂಗೇ ನಿಂತೈತೆ."

ಮಾರನೆಯ ಬೆಳಿಗ್ಗೆ ಮರುಳಪ್ಪ ಹೋದಾಗ ಹಳ್ಳದ ಸಾಲಿನ ಹತ್ತಿರ ಶಿವಣ್ಣ ಮಡಿಸಿದ ಗೋಣಿಚೀಲ ಹಾಕಿಕೊಂಡು ಕೂತಿದ್ದ. ಇಪ್ಪತ್ತೈದು ವರ್ಷದಲ್ಲಿ ಕಾಯಿ ಕೆಡವುವಾಗ ಆತ ಬಂದು ಕೂತಿದ್ದು ಅದೇ ಮೊದಲು. ಬಾ ಎನ್ನಲಿಲ್ಲ, ಯಾಕೆ ಕೂತಿದ್ದೇನೆಂದೂ ಹೇಳಲಿಲ್ಲ.

ಮರುಳಪ್ಪ ಕಾಲಿಗೆ ಹಗ್ಗದ ಕುಣಿಕೆ ಏರಿಸಿ ಮರ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದ. ಬೆನ್ನಿನ ಮೇಲೆ ಎರಡು ಕಣ್ಣು ಅಂಟಿಕೊಂಡೇ ಬಂದವು. ನೆತ್ತಿಗೆ ಮುಟ್ಟಿ, ಗರಿಯ ಬುಡಕ್ಕೆ ತೋಳು ಹಾಕಿ, ಮಚ್ಚು ತೆಗೆದ. ಕೈ ನಡುಗುತ್ತಿತ್ತು. ಸುಳಿಯ ಕಡೆ ನೋಡಬಾರದೆಂದುಕೊಂಡು ಆಮೇಲೆ ಬೇಕೆಂದೇ ನೋಡಿದ. ಬಿಳಿಯ ಸುಳಿ, ತುದಿಯಲ್ಲಿ ಎಳೆಯ ಹಳದಿ. ಒಂದು ಒಣಗರಿ ಬಿಡಿಸಿ ಎಸೆದ. ಇನ್ನೊಂದು. ನಡುಕ ನಿಲ್ಲಲಿಲ್ಲ. ಅದರ ಜೊತೆಯಲ್ಲೇ ಮೂರನೆಯದನ್ನು ತೆಗೆದ. ಬಲಿತ ಗೊನೆಯ ತೊಟ್ಟಿಗೆ ಮಚ್ಚು ಹಾಕಬೇಕು, ಅಷ್ಟರಲ್ಲಿ ಕೆಳಗೆ ನೋಡಿದವನು ಮಚ್ಚನ್ನು ಹಿಂದಕ್ಕೆ ಎಳೆದುಕೊಂಡ. ಮೇಲಿನದೆಲ್ಲ ಚೆನ್ನಾಗಿ ಕಾಣಲೆಂದೋ ಏನೋ, ಶಿವಣ್ಣ ಗೋಣಿಚೀಲ ಎಳೆದುಕೊಂಡು ನೆಟ್ಟಗೆ ಗೊನೆಯ ಕೆಳಗೇ ಬಂದು ಮುಖ ಮೇಲೆ ಮಾಡಿ ಕೂತಿದ್ದ.

"ಶಿವಣ್ಣೋರೇ, ಆ ಕಡೀಕೆ ಹೋಗಿ" ಎಂದು ಕೂಗಿದ. "ತಲೆ ಮ್ಯಾಲೆ ಬೀಳ್ತದೆ."

ಶಿವಣ್ಣ ಮೇಲೆಯೇ ನೋಡುತ್ತಿದ್ದ.

"ಹೋಗ್ರೀ ಅಂದ್ರೆ. ಇಪ್ಪತ್ತು ಕಾಯಿ ಐತೆ ಗೊನೇಲಿ. ನೀವು ಹೋಗೋಗಂಟ ನಾನು ಕಡಿಯಾಕಿಲ್ಲ."

ಶಿವಣ್ಣ ಎದ್ದ. ಗೋಣಿಚೀಲ ಹಿಡಿದು ನಾಲ್ಕು ಹೆಜ್ಜೆ ಸರಿದು ನಿಂತು, "ಇಷ್ಟು ಸಾಕೇನ್ಲಾ?" ಎಂದ.

"ಇನ್ನೆರಡು ಹೆಜ್ಜೆ."

ಇನ್ನೆರಡು ಹೆಜ್ಜೆ ಹೋಗಿ, ಚೀಲ ಹಾಸಿ, ಈ ಸಲ ಮರದ ಕಡೆಗೆ ಪಕ್ಕ ತಿರುಗಿ ಕೂತು, ಸೊಂಟದಿಂದ ಎಲೆ ಅಡಿಕೆಯ ಚೀಲ ಬಿಚ್ಚಿದ. ಮರುಳಪ್ಪ ಗೊನೆ ಕಡಿದ. ಅದು ನೆಲಕ್ಕೆ ಬಿದ್ದ ಸದ್ದಿಗೆ ಶಿವಣ್ಣ ಬೆಚ್ಚಿದ್ದು ಮೇಲಿನವರೆಗೂ ಕಾಣಿಸಿತು.